ಎಕ್ಸೆಲ್ ಸಾಕಾ, ಡೇಟಾಬೇಸ್ ಬೇಕಾ? ಬೇಕಿದ್ದರೆ ಯಾವುದು?

ಡೇಟಾಬೇಸ್, ಅಂದರೆ ಮಾಹಿತಿಯನ್ನು ಕ್ರಮವಾಗಿ ಇಟ್ಟು ಬೇಕಾದಾಗ ತೆಗೆದುಕೊಡುವ ಸಾಫ್ಟ್‌ವೇರ್, ಕಲಿಯಬೇಕು ಅಂತ ಹೊರಟವರು ಮೊದಲು ಕೇಳುವುದು ಹೆಸರನ್ನೇ. ಮೈಎಸ್‌ಕ್ಯೂಎಲ್ ಒಳ್ಳೆಯದಾ, ಪೋಸ್ಟ್‌ಗ್ರೆಸ್ ಒಳ್ಳೆಯದಾ, ಈಗ ಎಲ್ಲರೂ ಮಾಂಗೋಡಿಬಿ ಅಂತಾರಲ್ಲ, ಅದಾ? ಅದರಲ್ಲಿ ಏನು ಇಡುತ್ತೀರಿ, ಎಷ್ಟು ಜನ ಒಟ್ಟಿಗೆ ಬರೆಯುತ್ತಾರೆ ಅಂತ ತಿರುಗಿ ಕೇಳಿದರೆ ಮಾತು ನಿಂತುಬಿಡುತ್ತದೆ. ಈ ಎರಡಕ್ಕೆ ಉತ್ತರ ಗೊತ್ತಿದ್ದರೆ ಆಯ್ಕೆ ಅಷ್ಟೇನೂ ಕಷ್ಟ ಇಲ್ಲ. ಗೊತ್ತಿಲ್ಲದಿದ್ದರೆ ಯಾವುದನ್ನು ಹಾಕಿಕೊಂಡರೂ ಒದ್ದಾಟ ತಪ್ಪಲ್ಲ.

ಸುಮ್ನೆ ಗಾಳಿಯಲ್ಲಿ ಮಾತಾಡುವುದು ಬೇಡ, ಒಂದು ಉದಾಹರಣೆ ಹಿಡಿದುಕೊಳ್ಳೋಣ. ಊರಿನ ಹಾಲಿನ ಡೈರಿ. 120 ಜನ ಸದಸ್ಯರು, ಬೆಳಿಗ್ಗೆ ಸಂಜೆ ಎರಡು ಹೊತ್ತು ಹಾಲು ಹಾಕುತ್ತಾರೆ. ಪ್ರತಿ ಸಲ ಸದಸ್ಯರ ನಂಬರ್, ಎಷ್ಟು ಲೀಟರ್, ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನ ಉಳಿದ ಘನಾಂಶ) ಎಷ್ಟು, ಲೀಟರಿಗೆ ಏನು ರೇಟು ಅಂತ ಬರೆಯಬೇಕು. ನಡುವೆ ಕೆಲವರು ಡೈರಿಯಿಂದಲೇ ಪಶು ಆಹಾರದ ಮೂಟೆ ಸಾಲದ ಲೆಕ್ಕದಲ್ಲಿ ತೆಗೆದುಕೊಂಡು ಹೋಗುತ್ತಾರೆ. ಬಟವಾಡೆ ದಿನ ಆ ದುಡ್ಡು ಮುರಿದುಕೊಂಡು ಉಳಿದಿದ್ದನ್ನು ಅವರ ಬ್ಯಾಂಕ್ ಖಾತೆಗೆ ಹಾಕಬೇಕು. ಇಷ್ಟೇ ಲೆಕ್ಕ. ಆದರೆ ಡೇಟಾಬೇಸ್ ಅಂದರೆ ಏನು ಅನ್ನುವುದಕ್ಕೆ ಬೇಕಾದ ಎಲ್ಲವೂ ಇದರೊಳಗೆ ಇದೆ.

ಮೊದಲು ಎಕ್ಸೆಲ್

ಎಕ್ಸೆಲ್ ಬೇಡ ಅಂತ ಹೇಳುವವನಲ್ಲ ನಾನು. ಒಬ್ಬರೇ ಬರೆಯುವ ಪಟ್ಟಿ, ಒಂದೇ ಥರದ ವಿಷಯ, ಕಣ್ಣಿಗೆ ಕಾಣುವಷ್ಟು ಸಾಲು ಇದ್ದರೆ ಅದಕ್ಕಿಂತ ಸುಲಭದ್ದು ಇನ್ನೊಂದಿಲ್ಲ. ಮದುವೆಗೆ ಕರೆಯಬೇಕಾದವರ ಪಟ್ಟಿ, ಮನೆ ಕಟ್ಟುವ ಖರ್ಚು, ಕ್ಲಾಸಿನ ಮಕ್ಕಳ ಅಂಕ, ಇದಕ್ಕೆಲ್ಲ ಡೇಟಾಬೇಸ್ ಹಾಕಲು ಹೋಗುವುದು ದಂಡ.

ಡೈರಿ ಲೆಕ್ಕ ಎಕ್ಸೆಲ್‌ನಲ್ಲಿ ಹಾಕಿದರೆ ಏನಾಗುತ್ತದೆ ನೋಡಿ. ದಿನಕ್ಕೆ 240 ಸಾಲು, ವರ್ಷಕ್ಕೆ 87,600. ಈಗಿನ ಎಕ್ಸೆಲ್‌ನ ಒಂದು ಶೀಟ್‌ನಲ್ಲಿ 10,48,576 ಸಾಲು ಹಿಡಿಯುತ್ತದೆ, ಅಂದರೆ ಹನ್ನೆರಡು ವರ್ಷದ ಹತ್ತಿರ ಬರುತ್ತದೆ. ಹಳೆಯ ಎಕ್ಸ್‌ಎಲ್‌ಎಸ್ ಫೈಲ್ ಆದರೆ 65,536 ಸಾಲಿಗೆ ಮುಗಿಯಿತು, ಒಂಬತ್ತು ತಿಂಗಳೂ ದಾಟಲ್ಲ. ಈ ಹಳೆಯ ಮಿತಿ ತಮಾಷೆಯ ವಿಷಯ ಅಲ್ಲ. 2020ರಲ್ಲಿ ಇಂಗ್ಲೆಂಡಿನಲ್ಲಿ ಕೋವಿಡ್ ಪರೀಕ್ಷೆಯ ಫಲಿತಾಂಶವನ್ನು ಈ ಹಳೆಯ ಮಾದರಿಯ ಫೈಲ್‌ಗೆ ತುಂಬುತ್ತಿದ್ದರು. ಸಾಲು ಮುಗಿದ ಮೇಲೆ ಬಂದಿದ್ದು ಹೊರಗೇ ಉಳಿಯಿತು. 15,841 ಪಾಸಿಟಿವ್ ಪ್ರಕರಣ ದಿನದ ಲೆಕ್ಕಕ್ಕೆ ಬರಲೇ ಇಲ್ಲ, ಅವರ ಸಂಪರ್ಕಕ್ಕೆ ಬಂದವರನ್ನು ಹುಡುಕುವ ಕೆಲಸವೂ ಅಷ್ಟು ದಿನ ತಡವಾಯಿತು.

ಆದರೆ ನಮ್ಮ ಡೈರಿಗೆ ಸಾಲಿನ ಸಂಖ್ಯೆ ದೊಡ್ಡ ಸಮಸ್ಯೆ ಅಲ್ಲ. ಒಂದೇ ವಿಷಯವನ್ನು ಹತ್ತು ಕಡೆ ಬರೆಯಬೇಕಾಗಿ ಬರುವುದೇ ಸಮಸ್ಯೆ. 47ನೇ ನಂಬರ್ ಗೌರಮ್ಮ ಅಂತಿಟ್ಟುಕೊಳ್ಳಿ. ಪ್ರತಿ ಸಾಲಿನಲ್ಲೂ ಅವರ ಹೆಸರು, ಫೋನ್, ಖಾತೆ ಸಂಖ್ಯೆ ಹಾಕಿದರೆ ವರ್ಷಕ್ಕೆ 730 ಸಲ ಅದೇ ಬರೆದಂತಾಯಿತು. ಒಂದು ದಿನ 'ಗೌರಮ್ಮ', ಇನ್ನೊಂದು ದಿನ 'ಗೌರಮ್ಮ.' ಅಂತ ಚುಕ್ಕೆ ಸಮೇತ, ಮತ್ತೊಂದು ದಿನ ಕೂತವರು 'ಗೌರವ್ವ' ಅಂತ ಹೊಡೆದಿರುತ್ತಾರೆ. ತಿಂಗಳ ಕೊನೆಗೆ ಹೆಸರಿನ ಮೇಲೆ ಒಟ್ಟು ಹಾಕಿದರೆ ಒಬ್ಬರೇ ಮೂರು ಜನ ಆಗಿರುತ್ತಾರೆ. ಅವರು ಬ್ಯಾಂಕ್ ಬದಲಿಸಿದರೆ ಹಳೆಯ ಖಾತೆ ಎಲ್ಲೆಲ್ಲಿ ಉಳಿದಿದೆ ಅಂತ ಹುಡುಕುತ್ತಾ ಕೂರಬೇಕು.

ಜೊತೆಗೆ ಎಕ್ಸೆಲ್‌ಗೆ ಒಂದು ಕೆಟ್ಟ ಚಾಳಿ ಇದೆ, ನಾವು ಬರೆದಿದ್ದನ್ನು ತನಗೆ ತೋಚಿದಂತೆ ಅರ್ಥ ಮಾಡಿಕೊಳ್ಳುತ್ತದೆ. ಸರ್ವೆ ನಂಬರ್ 12/3 ಅಂತ ಟೈಪ್ ಮಾಡಿ ಎಂಟರ್ ಒತ್ತಿ ನೋಡಿ, ಮಾರ್ಚ್ 12 ಅಂತ ತಾರೀಖು ಆಗಿ ಕೂತಿರುತ್ತದೆ. ಪಹಣಿ ಪಟ್ಟಿ ಮಾಡಲು ಹೋದವರಿಗೆ ಈ ಸಂಕಟ ಗೊತ್ತು. ಸೊನ್ನೆಯಿಂದ ಶುರುವಾಗುವ ಖಾತೆ ಸಂಖ್ಯೆಯ ಮುಂದಿನ ಸೊನ್ನೆ ಹಾರಿಹೋಗುತ್ತದೆ. 16 ಅಂಕಿಯ ಸಂಖ್ಯೆ ಹಾಕಿದರೆ ಕೊನೆಯ ಅಂಕಿ ಸೊನ್ನೆ ಆಗುತ್ತದೆ, ಯಾಕೆಂದರೆ ಎಕ್ಸೆಲ್ 15 ಅಂಕಿಯವರೆಗೆ ಮಾತ್ರ ಸರಿಯಾಗಿ ನೆನಪಿಟ್ಟುಕೊಳ್ಳುತ್ತದೆ. ವಿಜ್ಞಾನಿಗಳನ್ನೂ ಇದು ಬಿಟ್ಟಿಲ್ಲ. ಮನುಷ್ಯರ ಕೆಲವು ಜೀನ್‌ಗಳ ಹೆಸರು ಸೆಪ್ಟೆಂಬರ್, ಮಾರ್ಚ್ ತಿಂಗಳ ಹೆಸರಿನ ಥರ ಕಾಣುತ್ತಿದ್ದವು, ಎಕ್ಸೆಲ್ ಅವನ್ನು ತಾರೀಖು ಮಾಡಿ ಮಾಡಿ ಸಾಕಾಗಿ ಕೊನೆಗೆ ಆ ಹೆಸರುಗಳನ್ನೇ ಬದಲಿಸಿದರು, 2020ರಲ್ಲಿ ಅದರ ನಿಯಮವೂ ಪ್ರಕಟವಾಯಿತು. ಮೊದಲೇ ಆ ಕಾಲಂ ಅನ್ನು 'ಟೆಕ್ಸ್ಟ್' ಅಂತ ಗುರುತು ಮಾಡಿದರೆ ತಪ್ಪಿಸಬಹುದು, ನಿಜ. ಆದರೆ ಅದು ಪ್ರತಿಯೊಬ್ಬರಿಗೂ ಪ್ರತಿ ಸಲವೂ ನೆನಪಿರಬೇಕಲ್ಲ.

ಗೂಗಲ್ ಶೀಟ್ಸ್ ಒಂದು ಹೆಜ್ಜೆ ಮುಂದೆ. ನಾಲ್ಕಾರು ಜನ ಒಟ್ಟಿಗೆ ಬರೆಯಬಹುದು, ಯಾರು ಏನು ಬದಲಿಸಿದರು ಅಂತ ಹಿಂದಕ್ಕೆ ಹೋಗಿ ನೋಡಬಹುದು. ಒಂದು ಫೈಲ್‌ಗೆ 1 ಕೋಟಿ ಸೆಲ್‌ಗಳ ಮಿತಿ, ಸಣ್ಣವರಿಗೆ ಧಾರಾಳ ಸಾಕು. ಅಪಾರ್ಟ್‌ಮೆಂಟ್ ಸಂಘ, ಊರ ಹಬ್ಬದ ಚಂದಾ ಲೆಕ್ಕಕ್ಕೆ ನಾನು ಇದನ್ನೇ ಹೇಳುತ್ತೇನೆ. ಲಿಂಕ್ ಇದ್ದವರೆಲ್ಲ ನೋಡಬಹುದು ಅಂತ ಮಾತ್ರ ಇಡಬೇಡಿ, 120 ಜನರ ಖಾತೆ ಸಂಖ್ಯೆ ವಾಟ್ಸಾಪ್‌ನಲ್ಲಿ ಊರೂರು ಸುತ್ತುತ್ತದೆ.

ಡೇಟಾಬೇಸ್‌ನವರು ಇದನ್ನು ಹೇಗೆ ನೋಡುತ್ತಾರೆ

1970ರಲ್ಲಿ ಐಬಿಎಂನಲ್ಲಿದ್ದ ಎಡ್ಗರ್ ಕಾಡ್ ಅನ್ನುವವರು ಒಂದು ಯೋಚನೆ ಮುಂದಿಟ್ಟರು. ಮಾಹಿತಿಯನ್ನು ಬೇರೆ ಬೇರೆ ಟೇಬಲ್‌ಗಳಲ್ಲಿ ಇಡಿ, ಒಂದಕ್ಕೊಂದು ಸಂಬಂಧವನ್ನು ಅದರೊಳಗೆ ಬರೆದ ಮಾಹಿತಿಯಿಂದಲೇ ತೋರಿಸಿ, ಎಲ್ಲಿ ಹೇಗೆ ಅಡಗಿಸಿಟ್ಟಿದೆ ಅನ್ನುವ ತಲೆನೋವು ಬಳಸುವವನಿಗೆ ಬೇಡ. ಈಗ ರಿಲೇಷನಲ್ ಡೇಟಾಬೇಸ್ ಅನ್ನುವುದೆಲ್ಲ ಅಲ್ಲಿಂದಲೇ ಬಂದಿದ್ದು.

ಡೈರಿಗೆ ಹೊಂದಿಸಿ. ಸದಸ್ಯರು ಒಂದು ಟೇಬಲ್: ನಂಬರ್, ಹೆಸರು, ಫೋನ್, ಖಾತೆ. ಅಲ್ಲಿ ಗೌರಮ್ಮ ಒಂದೇ ಸಾಲು. ಹಾಲು ಇನ್ನೊಂದು ಟೇಬಲ್: ತಾರೀಖು, ಹೊತ್ತು, ಸದಸ್ಯ ನಂಬರ್, ಲೀಟರ್, ಫ್ಯಾಟ್, ಎಸ್‌ಎನ್‌ಎಫ್, ರೇಟು. ಇಲ್ಲಿ ಗೌರಮ್ಮ ಅನ್ನುವ ಹೆಸರೇ ಇಲ್ಲ, 47 ಅಂತ ಮಾತ್ರ ಇದೆ. ಪಶು ಆಹಾರ ಮೂರನೆಯದು, ಬಟವಾಡೆ ನಾಲ್ಕನೆಯದು. ಸದಸ್ಯರ ಟೇಬಲ್‌ನ 47 ಅನ್ನುವುದು ಪ್ರೈಮರಿ ಕೀ, ಅಂದರೆ ಆ ಸಾಲಿನ ಗುರುತು, ಹಾಲಿನ ಟೇಬಲ್‌ನಲ್ಲಿ ಅದೇ 47 ಬಂದು ಕೂತರೆ ಫಾರಿನ್ ಕೀ. ಸದಸ್ಯರ ಪಟ್ಟಿಯಲ್ಲಿ ಇಲ್ಲದ 407 ಅಂತ ಯಾರಾದರೂ ತಪ್ಪಾಗಿ ಹೊಡೆದರೆ ಡೇಟಾಬೇಸ್ ಒಪ್ಪಲ್ಲ, ಅಲ್ಲೇ ತಡೆಯುತ್ತದೆ. ನನ್ನ ಪ್ರಕಾರ ಎಕ್ಸೆಲ್ ಬಿಟ್ಟು ಬರುವುದಕ್ಕೆ ಇದೊಂದು ಕಾರಣವೇ ಸಾಕು.

ಕೀ ಆಗಿ ಹೆಸರನ್ನು ಯಾಕೆ ಇಡಬಾರದು ಅಂದರೆ, ಒಂದು ಊರಿನಲ್ಲಿ ನಾಲ್ಕು ಜನ ಲಕ್ಷ್ಮಮ್ಮ ಇರುತ್ತಾರೆ. ಫೋನ್ ನಂಬರ್ ಇಟ್ಟರೆ ಮನೆಗೊಂದೇ ಫೋನ್ ಇರುತ್ತದೆ, ಇಲ್ಲವೇ ಬದಲಾಗುತ್ತದೆ. ಆಧಾರ್ ಹಾಕೋಣ ಅನ್ನುತ್ತಾರೆ, ಆದರೆ ಹಾಲಿನ ಚೀಟಿಯಲ್ಲೆಲ್ಲ ಆಧಾರ್ ಸಂಖ್ಯೆ ಓಡಾಡುವುದು ಬೇಕಾ? ನಿಮ್ಮದೇ ಒಂದು ಸಂಖ್ಯೆ ಕೊಡಿ, ಮುಗಿಯಿತು. ಮತ್ತೆ ಒಬ್ಬರು ಸದಸ್ಯತ್ವ ಬಿಟ್ಟರೆ ಆ ನಂಬರನ್ನು ಬೇರೆಯವರಿಗೆ ಕೊಡಬೇಡಿ. ಕೊಟ್ಟರೆ ಹಳಬರು ಹಾಕಿದ ಹಾಲೆಲ್ಲ ಹೊಸಬರ ಲೆಕ್ಕಕ್ಕೆ ಸೇರುತ್ತದೆ.

ಇಲ್ಲಿ ಹೊಸಬರು ಒಂದು ಕಡೆ ಸಿಕ್ಕಿಹಾಕಿಕೊಳ್ಳುತ್ತಾರೆ. ಒಂದು ವಿಷಯ ಒಂದೇ ಕಡೆ ಇರಬೇಕು ಅಂತ ಓದಿರುತ್ತಾರೆ, ಹಾಗಾದರೆ ಲೀಟರಿಗೆ ಏನು ರೇಟು ಅನ್ನುವುದನ್ನೂ ಪ್ರತಿ ಸಾಲಿನಲ್ಲಿ ಯಾಕೆ ಬರೆಯಬೇಕು, ಒಂದೇ ಕಡೆ ಇಟ್ಟರೆ ಆಯಿತಲ್ಲ ಅಂತ ತೆಗೆದು ಬೇರೆ ಟೇಬಲ್‌ಗೆ ಹಾಕುತ್ತಾರೆ. ಮುಂದಿನ ತಿಂಗಳು ಒಕ್ಕೂಟ ರೇಟು ಬದಲಿಸುತ್ತದೆ, ಇವರು ಅಲ್ಲಿ ತಿದ್ದುತ್ತಾರೆ, ಹೋದ ತಿಂಗಳ ಬಿಲ್ ತೆಗೆದರೆ ಅದೂ ಹೊಸ ರೇಟಿನಲ್ಲಿ ಬರುತ್ತದೆ! ಗೌರಮ್ಮನ ಖಾತೆ ಸಂಖ್ಯೆ ಅನ್ನುವುದು ಈಗ ಏನಿದೆಯೋ ಅದು. ಆ ದಿನದ ರೇಟು ಅನ್ನುವುದು ಆ ದಿನ ನಡೆದಿದ್ದು. ನಡೆದಿದ್ದನ್ನು ಆ ಸಾಲಿನಲ್ಲೇ ಬರೆದಿಡಬೇಕು, ಎಷ್ಟು ಸಲ ಬಂದರೂ ಅದು ಪುನರಾವರ್ತನೆ ಅಲ್ಲ. ಈ ವ್ಯತ್ಯಾಸ ಹೊಳೆದ ದಿನ ಡೇಟಾಬೇಸ್ ವಿನ್ಯಾಸದ ಅರ್ಧ ಪಾಠ ಆಯಿತು ಅಂದುಕೊಳ್ಳಿ.

ಖಾಲಿ ಮತ್ತು ಸೊನ್ನೆ ಕೂಡ ಒಂದೇ ಅಲ್ಲ. ಮಿಷಿನ್ ಕೆಟ್ಟು ಒಂದು ದಿನ ಫ್ಯಾಟ್ ನೋಡಲಾಗಲಿಲ್ಲ ಅಂದರೆ ಅಲ್ಲಿ ಖಾಲಿ ಬಿಡಬೇಕು. ಡೇಟಾಬೇಸ್‌ನಲ್ಲಿ ಅದಕ್ಕೆ ನಲ್ ಅನ್ನುತ್ತಾರೆ. ಸರಾಸರಿ ತೆಗೆಯುವಾಗ ನಲ್ ಇದ್ದ ಸಾಲನ್ನು ಅದು ಎಣಿಸುವುದಿಲ್ಲ. ಸೊನ್ನೆ ಹಾಕಿದರೆ ಎಣಿಸುತ್ತದೆ, ಒಳ್ಳೆ ಹಾಲು ಹಾಕಿದವರ ಸರಾಸರಿ ಸುಮ್ಮಸುಮ್ಮನೆ ಇಳಿಯುತ್ತದೆ.

ಇನ್ನು ಪ್ರಶ್ನೆ ಕೇಳುವ ಭಾಷೆ, ಎಸ್‌ಕ್ಯೂಎಲ್. 1974ರಲ್ಲಿ ಐಬಿಎಂನವರೇ ಆದ ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್ ಇದನ್ನು ಹೊರತಂದರು. ಜೂನ್ ಮೊದಲ ಹದಿನೈದು ದಿನ ಯಾರು ಎಷ್ಟು ಲೀಟರ್ ಹಾಕಿದರು ಅಂತ ಕೇಳುವುದು ಹೀಗೆ:

ಸೆಲೆಕ್ಟ್ ಸದಸ್ಯ_ನಂ, ಸಮ್(ಲೀಟರ್)
ಫ್ರಮ್ ಹಾಲು
ವೇರ್ ತಾರೀಖು ಬಿಟ್ವೀನ್ '2025-06-01' ಅಂಡ್ '2025-06-15'
ಗ್ರೂಪ್ ಬೈ ಸದಸ್ಯ_ನಂ;

ಸೆಲೆಕ್ಟ್, ಫ್ರಮ್ ಅನ್ನುವುದನ್ನೆಲ್ಲ ಕಂಪ್ಯೂಟರಿಗೆ ಇಂಗ್ಲಿಷ್ ಅಕ್ಷರದಲ್ಲೇ ಕೊಡಬೇಕು. ಟೇಬಲ್ ಮತ್ತು ಕಾಲಂ ಹೆಸರು ಕನ್ನಡದಲ್ಲಿ ಇಟ್ಟರೆ ಎಸ್‌ಕ್ಯೂಲೈಟ್, ಪೋಸ್ಟ್‌ಗ್ರೆಸ್ ಅನ್ನುವ ಡೇಟಾಬೇಸ್‌ಗಳೆರಡೂ ಒಪ್ಪುತ್ತವೆ. ಹೇಗೆ ಹುಡುಕಬೇಕು ಅಂತ ನೀವು ಹೇಳಲಿಲ್ಲ ನೋಡಿ, ಏನು ಬೇಕು ಅಂತ ಮಾತ್ರ ಹೇಳಿದಿರಿ. ಇದನ್ನು ಒಂದು ಸಲ ಕಲಿತರೆ ಕೆಳಗೆ ಬರುವ ಡೇಟಾಬೇಸ್‌ಗಳಲ್ಲಿ ಒಂದನ್ನು ಬಿಟ್ಟು ಉಳಿದ ಎಲ್ಲ ಕಡೆ ಸಣ್ಣಪುಟ್ಟ ಬದಲಾವಣೆಯೊಂದಿಗೆ ನಡೆಯುತ್ತದೆ. ಹಾಗಾಗಿ ಯಾವುದು ಕಲಿಯಲಿ ಅನ್ನುವ ಚಿಂತೆ ಅಷ್ಟು ಬೇಡ.

ಎಸ್‌ಕ್ಯೂಲೈಟ್: ಫೋನಿನಲ್ಲಿ ಈಗಾಗಲೇ ಇದೆ

ರಿಚರ್ಡ್ ಹಿಪ್ ಅನ್ನುವ ಅಮೆರಿಕದ ಪ್ರೋಗ್ರಾಮರ್ 2000ದಲ್ಲಿ ಇದನ್ನು ಬರೆದರು. ಯುದ್ಧನೌಕೆಯೊಂದರ ಸಾಫ್ಟ್‌ವೇರ್ ಕೆಲಸ ಮಾಡುವಾಗ ಬಂದ ಯೋಚನೆ ಅದು: ಬೇರೆ ಸರ್ವರ್ (ಸದಾ ಓಡುತ್ತಿರಬೇಕಾದ ಪ್ರೋಗ್ರಾಂ) ಬೇಡ, ಅದು ನಿಂತುಹೋಯಿತು ಅನ್ನುವ ತಾಪತ್ರಯ ಬೇಡ, ಇಡೀ ಡೇಟಾಬೇಸ್ ಒಂದು ಫೈಲ್‌ನಲ್ಲಿ ಇದ್ದರೆ ಆಗದಾ? ಈಗ ಪ್ರತಿ ಆಂಡ್ರಾಯ್ಡ್ ಫೋನ್, ಪ್ರತಿ ಐಫೋನ್‌ನಲ್ಲಿ ಇದು ಇದೆ. ಆಂಡ್ರಾಯ್ಡ್‌ನಲ್ಲಿ ನಿಮ್ಮ ವಾಟ್ಸಾಪ್ ಸಂದೇಶಗಳು ಕೂತಿರುವುದೂ ಎಸ್‌ಕ್ಯೂಲೈಟ್ ಫೈಲ್‌ನಲ್ಲೇ. ದುಡ್ಡಿಲ್ಲ, ಲೈಸೆನ್ಸ್ ಇಲ್ಲ, ಸಾರ್ವಜನಿಕರ ಸ್ವತ್ತು ಅಂತಲೇ ಬಿಟ್ಟಿದ್ದಾರೆ.

ಹೊಸಬರಿಗೆ ನಾನು ಹೇಳುವುದು ಇದನ್ನೇ. 'ಡಿಬಿ ಬ್ರೌಸರ್ ಫಾರ್ ಎಸ್‌ಕ್ಯೂಲೈಟ್' ಅನ್ನುವ ಉಚಿತ ಸಾಫ್ಟ್‌ವೇರ್ ಹಾಕಿಕೊಂಡರೆ ಟೇಬಲ್ ಕಣ್ಣಿಗೆ ಕಾಣುತ್ತದೆ, ಪಕ್ಕದಲ್ಲೇ ಎಸ್‌ಕ್ಯೂಎಲ್ ಬರೆದು ನೋಡಬಹುದು. ಒಬ್ಬ ಕಾರ್ಯದರ್ಶಿ, ಒಂದೇ ಕಂಪ್ಯೂಟರ್ ಇರುವ ಡೈರಿಗೆ ಇದು ಧಾರಾಳ ಸಾಕು, ವರ್ಷಕ್ಕೆ 87,600 ಸಾಲು ಇದಕ್ಕೆ ಲೆಕ್ಕವೇ ಅಲ್ಲ.

ಆದರೆ ಇದರ ಸ್ವಭಾವ ಸ್ವಲ್ಪ ಸಡಿಲ. ಲೀಟರ್ ಅನ್ನುವ ಕಾಲಂನಲ್ಲಿ ಸಂಖ್ಯೆ ಬರಬೇಕು ಅಂತ ಹೇಳಿದ್ದರೂ ಯಾರಾದರೂ 'ನಾಲ್ಕೂವರೆ' ಅಂತ ಬರೆದರೆ ಸುಮ್ನೆ ಇಟ್ಟುಕೊಳ್ಳುತ್ತದೆ. 2021ರ ನಂತರದ ಆವೃತ್ತಿಗಳಲ್ಲಿ ಟೇಬಲ್ ಮಾಡುವಾಗ ಕೊನೆಗೆ 'ಸ್ಟ್ರಿಕ್ಟ್' ಅಂತ ಸೇರಿಸಿದರೆ ತಡೆಯುತ್ತದೆ, ಅದನ್ನು ಸೇರಿಸಿ. ಫಾರಿನ್ ಕೀ ತಪಾಸಣೆಯೂ ಸಾಮಾನ್ಯವಾಗಿ ಆಫ್ ಆಗಿಯೇ ಬರುತ್ತದೆ, ಪ್ರತಿ ಸಲ ಸಂಪರ್ಕ ಮಾಡಿದಾಗ ಆನ್ ಮಾಡಬೇಕು. ತಾರೀಖು ಅನ್ನುವ ಬೇರೆ ಬಗೆ ಇಲ್ಲ, ಪಠ್ಯವಾಗಿಯೇ ಇಡುವುದು. ಅದಕ್ಕೇ ಮೇಲೆ ವರ್ಷ ಮೊದಲು, ದಿನ ಕೊನೆಗೆ ಬರೆದಿದ್ದು. 01-06-2025 ಅಂತ ನಮ್ಮ ಅಭ್ಯಾಸದಂತೆ ಬರೆದರೆ ಎಲ್ಲ ತಿಂಗಳ ಒಂದನೇ ತಾರೀಖುಗಳೂ ಒಟ್ಟಿಗೆ ಬಂದು ಕೂರುತ್ತವೆ.

ಒಂದು ಹೊತ್ತಿಗೆ ಒಬ್ಬರು ಮಾತ್ರ ಬರೆಯಬಹುದು, ಬೇರೆಯವರು ಕಾಯಬೇಕು. ಆ ಫೈಲನ್ನು ನೆಟ್‌ವರ್ಕ್‌ನ ಶೇರ್ಡ್ ಫೋಲ್ಡರ್‌ನಲ್ಲಿಟ್ಟು ಮೂರು ಕಂಪ್ಯೂಟರ್‌ನಿಂದ ತೆರೆಯುವ ಉಪಾಯ ಮಾತ್ರ ಮಾಡಬೇಡಿ, ಫೈಲ್ ಹಾಳಾಗುವ ಅಪಾಯ ಇದೆ. ಬರೆಯುತ್ತಿರುವಾಗಲೇ ಫೈಲ್ ಕಾಪಿ ಮಾಡಿ ಬ್ಯಾಕಪ್ ಅನ್ನುವುದೂ ಹಾಗೇ.

ಮೈಕ್ರೋಸಾಫ್ಟ್‌ನ ಡೇಟಾಬೇಸ್ ಆದ ಅಕ್ಸೆಸ್ ಬಗ್ಗೆ ಎರಡು ಮಾತು. 1992ರಲ್ಲಿ ಬಂದಿದ್ದು, ವಿಂಡೋಸ್‌ನಲ್ಲಿ ಮಾತ್ರ, ಫೈಲ್ 2 ಜಿಬಿ ದಾಟುವಂತಿಲ್ಲ. ಎಳೆದು ಕೂರಿಸಿ ಫಾರ್ಮ್ ಮಾಡಬಹುದು, ರಿಪೋರ್ಟ್ ತೆಗೆಯಬಹುದು, ಪ್ರೋಗ್ರಾಮಿಂಗ್ ಬಾರದವರಿಗೆ ಅದು ನಿಜವಾಗಿ ಅನುಕೂಲ. ನಿಮ್ಮ ಆಫೀಸಿನಲ್ಲಿ ಈಗಾಗಲೇ ಇದ್ದು ನಡೆಯುತ್ತಿದ್ದರೆ ಕೆಡಿಸಬೇಡಿ. ಹೊಸದಾಗಿ ಶುರು ಮಾಡಲು ನಾನಂತೂ ಹೇಳಲ್ಲ. ಹಳೆಯ ಡೇಟಾಬೇಸ್ ಫಾಕ್ಸ್‌ಪ್ರೋ ಕಲಿತಿದ್ದೇನೆ ಅದು ನಡೆಯುತ್ತಾ ಅಂತ ಕೇಳುವವರು ಈಗಲೂ ಇದ್ದಾರೆ. ಅದರ ಬೆಂಬಲವನ್ನು ಮೈಕ್ರೋಸಾಫ್ಟ್ 2015ಕ್ಕೇ ನಿಲ್ಲಿಸಿದೆ. ಟೇಬಲ್, ಇಂಡೆಕ್ಸ್ ಅಂತ ಅಲ್ಲಿ ಕಲಿತಿದ್ದು ವ್ಯರ್ಥವಲ್ಲ, ಸಾಫ್ಟ್‌ವೇರ್ ಮಾತ್ರ ಬದಲಿಸಿ.

ಕರೆಂಟ್ ಹೋದರೆ?

ಬಟವಾಡೆ ದಿನ. ಗೌರಮ್ಮನ ಹಾಲಿನ ದುಡ್ಡು 4,380 ರೂಪಾಯಿ, ಪಶು ಆಹಾರದ ಬಾಕಿ 1,150. ಕಂಪ್ಯೂಟರ್ ಎರಡು ಕೆಲಸ ಮಾಡಬೇಕು: ಬಾಕಿ ತೀರಿತು ಅಂತ ಒಂದು ಟೇಬಲ್‌ನಲ್ಲಿ ಗುರುತು ಮಾಡಬೇಕು, 3,230 ಕೊಡಬೇಕು ಅಂತ ಇನ್ನೊಂದರಲ್ಲಿ ಬರೆಯಬೇಕು. ಮೊದಲನೆಯದು ಆಗಿ ಎರಡನೆಯದು ಆಗುವುದರೊಳಗೆ ಕರೆಂಟ್ ಹೋಯಿತು. ಈಗ ಬಾಕಿ ತೀರಿದೆ, ದುಡ್ಡು ಕೊಟ್ಟ ದಾಖಲೆ ಇಲ್ಲ. ಮತ್ತೆ ಲೆಕ್ಕ ಹಾಕಿದರೆ ಬಾಕಿಯೇ ಕಾಣದೆ ಪೂರ್ತಿ 4,380 ಕೊಡಿ ಅನ್ನುತ್ತದೆ. 120 ಜನರಲ್ಲಿ ಯಾರ ಹತ್ತಿರ ನಿಂತಿತ್ತು ಅಂತ ಯಾರಿಗೆ ಗೊತ್ತು?

ಇದಕ್ಕೇ ಟ್ರಾನ್ಸಾಕ್ಷನ್ ಅನ್ನುವುದು. ಶುರು ಮಾಡುವಾಗ 'ಬಿಗಿನ್', ಎರಡೂ ಮುಗಿದ ಮೇಲೆ 'ಕಮಿಟ್'. ಕಮಿಟ್ ಆಗುವ ಮೊದಲು ಏನೇ ಆದರೂ, ಮತ್ತೆ ತೆರೆದಾಗ ಡೇಟಾಬೇಸ್ ಎರಡನ್ನೂ ಆಗಿಲ್ಲ ಅಂತ ಹಿಂದಕ್ಕೆ ತರುತ್ತದೆ. ಕಮಿಟ್ ಆದ ಮೇಲೆ ಕರೆಂಟ್ ಹೋದರೆ ಎರಡೂ ಉಳಿದಿರುತ್ತವೆ. ಅರ್ಧಂಬರ್ಧ ಅನ್ನುವುದೇ ಇಲ್ಲ. ಪುಟ್ಟ ಎಸ್‌ಕ್ಯೂಲೈಟ್‌ನಲ್ಲೂ ಇದು ಪೂರ್ತಿಯಾಗಿ ಇದೆ. ಎಕ್ಸೆಲ್‌ನಲ್ಲಿ ಇಲ್ಲ, ಅಲ್ಲಿ ಇರುವುದು ಆಟೋ ಸೇವ್ ಮತ್ತು ದೇವರು. ದುಡ್ಡು, ದಾಸ್ತಾನು, ಟಿಕೆಟ್ ಇಂಥ ಯಾವುದಾದರೂ ನಿಮ್ಮ ಲೆಕ್ಕದಲ್ಲಿ ಇದ್ದರೆ ಸ್ಪ್ರೆಡ್‌ಶೀಟ್ ಬಿಡುವ ಕಾಲ ಬಂದಿದೆ ಅಂತಲೇ ನನ್ನ ಅಭಿಪ್ರಾಯ, ಸಾಲು ಇನ್ನೂರೇ ಇರಲಿ.

ದುಡ್ಡನ್ನು ಇಡುವಾಗ ಇನ್ನೊಂದು: ಫ್ಲೋಟ್ ಅನ್ನುವ ಬಗೆ ಬೇಡ, ಅದರಲ್ಲಿ ದಶಮಾಂಶ ಕರಾರುವಾಕ್ಕಾಗಿ ನಿಲ್ಲುವುದಿಲ್ಲ, ಪೈಸೆ ಲೆಕ್ಕ ಜಾರುತ್ತದೆ. ಡೆಸಿಮಲ್ ಬಳಸಿ, ಇಲ್ಲವೇ ಪೂರ್ತಿ ಪೈಸೆಯಲ್ಲೇ ಇಡಿ.

ಮೈಎಸ್‌ಕ್ಯೂಎಲ್ಲಾ, ಪೋಸ್ಟ್‌ಗ್ರೆಸ್ಸಾ

ಡೈರಿ ಬೆಳೆಯಿತು. ಹಾಲು ತೂಗುವ ಕಡೆ ಒಬ್ಬರು, ಪಶು ಆಹಾರದ ಕೌಂಟರ್‌ನಲ್ಲಿ ಒಬ್ಬರು, ಆಫೀಸಿನಲ್ಲಿ ಒಬ್ಬರು, ಮೂವರೂ ಒಂದೇ ಹೊತ್ತಿಗೆ ಬರೆಯುತ್ತಾರೆ. ಕೌಂಟರ್‌ನವರಿಗೆ ಖಾತೆ ಸಂಖ್ಯೆ ಕಾಣಬಾರದು. ಈಗ ಸರ್ವರ್ ಬೇಕು, ಅಂದರೆ ಒಂದು ಕಂಪ್ಯೂಟರ್‌ನಲ್ಲಿ ಸದಾ ಓಡುತ್ತಾ ಉಳಿದವರ ಕೋರಿಕೆ ಕೇಳುವ, ಯಾರಿಗೆ ಏನು ಅನುಮತಿ ಅಂತ ನೋಡುವ ಪ್ರೋಗ್ರಾಂ.

ಮೈಎಸ್‌ಕ್ಯೂಎಲ್ 1995ರದು. ಮೈಕೆಲ್ ವಿಡೇನಿಯಸ್ ತಮ್ಮ ಮಗಳು 'ಮೈ' ಹೆಸರಿಟ್ಟರು. 2008ರಲ್ಲಿ ಸನ್ ಕಂಪನಿ ಅದನ್ನು ಕೊಂಡಿತು, 2010ರಲ್ಲಿ ಸನ್ ಅನ್ನೇ ಒರಾಕಲ್ ಕೊಂಡಿತು. ಈ ವ್ಯವಹಾರ ಹಿಡಿಸದ ವಿಡೇನಿಯಸ್ 2009ರಲ್ಲೇ ಅದೇ ಕೋಡ್ ಹಿಡಿದು ಬೇರೆ ಕವಲು ತೆಗೆದು ಕಿರಿಯ ಮಗಳ ಹೆಸರಿನಲ್ಲಿ ಮರಿಯಾಡಿಬಿ ಮಾಡಿದರು. ಕಡಿಮೆ ದುಡ್ಡಿನ ವೆಬ್ ಹೋಸ್ಟಿಂಗ್ ತೆಗೆದುಕೊಂಡರೆ ಸಿಗುವುದು ಸಾಮಾನ್ಯವಾಗಿ ಈ ಎರಡರಲ್ಲಿ ಒಂದು. ಜಾಲತಾಣ ಕಟ್ಟುವ ವರ್ಡ್‌ಪ್ರೆಸ್ ಓಡುವುದೂ ಇದರ ಮೇಲೆ.

ಪೋಸ್ಟ್‌ಗ್ರೆಸ್ ಹುಟ್ಟಿದ್ದು ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ, 1986ರಲ್ಲಿ ಮೈಕೆಲ್ ಸ್ಟೋನ್‌ಬ್ರೇಕರ್ ಶುರು ಮಾಡಿದ ಯೋಜನೆ. ಯಾವ ಒಂದು ಕಂಪನಿಯ ಸ್ವತ್ತೂ ಅಲ್ಲ. ನಿಯಮದಲ್ಲಿ ಬಿಗಿ. ಇಪ್ಪತ್ತು ಅಕ್ಷರದ ಕಾಲಂಗೆ ಮೂವತ್ತು ಅಕ್ಷರ ಕೊಟ್ಟರೆ ಆಗಲ್ಲ ಅಂತ ಹೇಳುತ್ತದೆ. ಹಳೆಯ ಮೈಎಸ್‌ಕ್ಯೂಎಲ್ ಅದನ್ನು ಕತ್ತರಿಸಿ ಇಟ್ಟುಕೊಂಡು ಎಚ್ಚರಿಕೆ ಮಾತ್ರ ಕೊಟ್ಟು ಮುಂದೆ ಹೋಗುತ್ತಿತ್ತು, 2015ರ 5.7 ಆವೃತ್ತಿಯಿಂದ ಅದೂ ಬಿಗಿಯಾಯಿತು. ಟೇಬಲ್‌ನ ರಚನೆ ಬದಲಿಸುವಾಗ ಅರ್ಧಕ್ಕೆ ತಪ್ಪಾದರೆ ಪೋಸ್ಟ್‌ಗ್ರೆಸ್‌ನಲ್ಲಿ ಅದನ್ನೂ ಟ್ರಾನ್ಸಾಕ್ಷನ್ ಒಳಗೆ ಹಿಂದಕ್ಕೆ ತರಬಹುದು, ಮೈಎಸ್‌ಕ್ಯೂಎಲ್‌ನಲ್ಲಿ ಆಗಲ್ಲ.

ನನ್ನನ್ನು ಕೇಳಿದರೆ: ಹೋಸ್ಟಿಂಗ್‌ನವರು ಮೈಎಸ್‌ಕ್ಯೂಎಲ್ ಮಾತ್ರ ಕೊಡುತ್ತಾರೆ, ಅಥವಾ ನಿಮಗೆ ಸಹಾಯ ಮಾಡುವ ಗೆಳೆಯರಿಗೆ ಅದೇ ಬರುತ್ತದೆ ಅಂದರೆ ಯೋಚನೆ ಮಾಡದೆ ಅದನ್ನೇ ಹಾಕಿ. ಆಯ್ಕೆ ನಿಮ್ಮ ಕೈಯಲ್ಲಿದ್ದರೆ ಪೋಸ್ಟ್‌ಗ್ರೆಸ್. ಯಾವುದು ಫಾಸ್ಟು ಅನ್ನುವ ಜಗಳ ನಿಮ್ಮ ಗಾತ್ರಕ್ಕೆ ಸಂಬಂಧವೇ ಇಲ್ಲದ್ದು. ನಿಧಾನ ಆದರೆ ಮೊದಲು ಇಂಡೆಕ್ಸ್ (ಪುಸ್ತಕದ ಕೊನೆಯ ಪದಸೂಚಿಯಂಥದ್ದು) ಇದೆಯಾ ನೋಡಿ. ಐದು ಲಕ್ಷ ಸಾಲಿನಲ್ಲಿ 47ನೇ ನಂಬರಿನದು ತೆಗೆ ಅಂದರೆ ಇಂಡೆಕ್ಸ್ ಇಲ್ಲದಿದ್ದಾಗ ಐದು ಲಕ್ಷವನ್ನೂ ಓದುತ್ತದೆ. ಸದಸ್ಯ ನಂಬರ್ ಮತ್ತು ತಾರೀಖಿನ ಮೇಲೆ ಒಂದು ಇಂಡೆಕ್ಸ್ ಕಟ್ಟಿದರೆ ಬೇಕಾದಲ್ಲಿಗೆ ನೇರ ಹೋಗುತ್ತದೆ. ಹಾಗಂತ ಎಲ್ಲ ಕಾಲಂಗೂ ಕಟ್ಟಬೇಡಿ, ಬರೆಯುವಾಗ ಪ್ರತಿಯೊಂದನ್ನೂ ತಿದ್ದಬೇಕಾಗಿ ಅದೇ ಭಾರ ಆಗುತ್ತದೆ.

ಕನ್ನಡದಲ್ಲಿ ಡೇಟಾ ಇಡುವವರಿಗೆ

ಇದನ್ನು ಯಾರೂ ಹೇಳಿಕೊಡುವುದಿಲ್ಲ, ಆದ್ದರಿಂದ ಸ್ವಲ್ಪ ಉದ್ದ. ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಪಟ್ಟಿ ಇದ್ದರೆ ಅದು ಒಳಗೆ ಕನ್ನಡವೇ ಅಲ್ಲ, ಇಂಗ್ಲಿಷ್ ಮತ್ತು ಚಿಹ್ನೆಗಳ ಸರಮಾಲೆ. ಆ ಫಾಂಟ್ ತೆಗೆದರೆ ಬಣ್ಣ ಬಯಲು. ಯೂನಿಕೋಡ್‌ಗೆ (ಎಲ್ಲ ಭಾಷೆಯ ಅಕ್ಷರಕ್ಕೂ ಒಂದೊಂದು ಸಂಕೇತ ಕೊಡುವ ವ್ಯವಸ್ಥೆ) ಬದಲಿಸಿದ ಮೇಲೆಯೇ ಡೇಟಾಬೇಸ್‌ಗೆ ಹಾಕಿ, ಇಲ್ಲದಿದ್ದರೆ ಹುಡುಕುವುದೂ ಆಗಲ್ಲ, ಅಕಾರಾದಿಯೂ ಬರಲ್ಲ. ಇನ್ನು ಡೇಟಾಬೇಸ್‌ನ ಅಕ್ಷರ ವ್ಯವಸ್ಥೆ ಲ್ಯಾಟಿನ್ ಅಂತ ಇದ್ದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆ ಆಗಿಬಿಡಬಹುದು, ಹಾಗೆ ಆಗಿದ್ದು ಮತ್ತೆ ವಾಪಸ್ ಬರಲ್ಲ.

ಮೈಎಸ್‌ಕ್ಯೂಎಲ್‌ನಲ್ಲಿ ಯುಟಿಎಫ್8 ಅಂತ ಇರುವ ಅಕ್ಷರ ವ್ಯವಸ್ಥೆ ಅಕ್ಷರಕ್ಕೆ ಮೂರು ಬೈಟ್ ಮಾತ್ರ ಕೊಡುತ್ತದೆ. ಕನ್ನಡ ಅಕ್ಷರ ಮೂರು ಬೈಟ್‌ನಲ್ಲೇ ಹಿಡಿಯುತ್ತದೆ, ಹಾಗಾಗಿ ಎಲ್ಲ ಸರಿ ಇದೆ ಅನ್ನಿಸುತ್ತದೆ. ಯಾರೋ ಒಬ್ಬರು ಹೆಸರಿನ ಪಕ್ಕ ನಗುವ ಇಮೋಜಿ ಹಾಕಿದ ದಿನ ನಾಲ್ಕು ಬೈಟ್ ಬೇಕಾಗಿ ದೋಷ ಬರುತ್ತದೆ. ಯುಟಿಎಫ್8ಎಂಬಿ4 ಅಂತ ಆರಿಸಿ, 8.0 ಆವೃತ್ತಿಯಿಂದ ಅದೇ ಮೊದಲೇ ಇರುತ್ತದೆ.

ಕಣ್ಣಿಗೆ ಕಾಣದ ತೊಂದರೆಯೂ ಇದೆ. 'ಸುರೇಶ್' ಅಂತ ಕೊನೆಗೆ ಅರ್ಧಾಕ್ಷರ ಬರುವ ಹೆಸರಿನ ಹಿಂದೆ ಕೆಲವು ಕೀಬೋರ್ಡ್‌ಗಳು ಒಂದು ಕಾಣದ ಅಕ್ಷರ ಸೇರಿಸುತ್ತವೆ. ಪರದೆಯ ಮೇಲೆ ಎರಡೂ ಒಂದೇ ಥರ, ಹುಡುಕಿದರೆ ಒಂದು ಸಿಗುತ್ತದೆ ಒಂದು ಸಿಗಲ್ಲ. 'ಕೊ' ಅನ್ನುವುದರ ಒತ್ವವನ್ನು ಒಂದೇ ಚಿಹ್ನೆಯಾಗಿ ಬರೆಯಬಹುದು, ಎರಡು ಚಿಹ್ನೆ ಸೇರಿಸಿಯೂ ಬರೆಯಬಹುದು, ನೋಡಲು ವ್ಯತ್ಯಾಸ ಇಲ್ಲ. ಒಳಗೆ ತೆಗೆದುಕೊಳ್ಳುವಾಗಲೇ ಇವನ್ನೆಲ್ಲ ಒಂದು ಹದಕ್ಕೆ ತರಬೇಕು. ಅಕಾರಾದಿಗೂ ಒಂದು ತೊಡಕು: ಯೂನಿಕೋಡ್‌ನಲ್ಲಿ ಳ ಅಕ್ಷರ ಲ ಆದ ಕೂಡಲೇ ಬರುತ್ತದೆ, ನಮ್ಮ ವರ್ಣಮಾಲೆಯಲ್ಲಿ ಅದು ಕಟ್ಟಕಡೆಗೆ. ಹಾಗಾಗಿ ಬರೀ ಸಂಕೇತದ ಮೇಲೆ ವಿಂಗಡಿಸಿದರೆ 'ಬಳಿಗೇರ' ಮೊದಲು ಬಂದು 'ಬಸಪ್ಪ' ಆಮೇಲೆ ಬರುತ್ತದೆ. ಇಂಥ ನಾಲ್ಕು ಹೆಸರು ಹಾಕಿ ಪರೀಕ್ಷೆ ಮಾಡದೆ ಪಟ್ಟಿ ಪ್ರಿಂಟ್ ತೆಗೆಯಬೇಡಿ.

ಮಾಂಗೋಡಿಬಿ ಯಾರಿಗೆ

2009ರಲ್ಲಿ ಬಂದಿದ್ದು. ಇಲ್ಲಿ ಟೇಬಲ್ ಇಲ್ಲ, ಡಾಕ್ಯುಮೆಂಟ್ ಇರುತ್ತದೆ, ಅಂದರೆ ಒಂದರ ವಿವರವೆಲ್ಲ ಒಟ್ಟಿಗೆ ಇರುವ ದಾಖಲೆ. ಒಂದೊಂದು ಡಾಕ್ಯುಮೆಂಟ್‌ನ ಆಕಾರ ಒಂದೊಂದು ಥರ ಇದ್ದರೂ ನಡೆಯುತ್ತದೆ. ಆನ್‌ಲೈನ್ ಅಂಗಡಿ ಅಂದುಕೊಳ್ಳಿ, ಸೀರೆಗೆ ಅಂಚು, ಸೆರಗು, ಉದ್ದ ಬೇಕು, ಮಿಕ್ಸಿಗೆ ವ್ಯಾಟ್, ಜಾರ್ ಎಷ್ಟು ಅಂತ ಬೇಕು. ಇಂಥದ್ದಕ್ಕೆ ಇದು ಚೆನ್ನಾಗಿ ಹೊಂದುತ್ತದೆ. ಎಸ್‌ಕ್ಯೂಎಲ್ ಮಾತ್ರ ಇಲ್ಲಿ ನಡೆಯಲ್ಲ, ಅದರದೇ ಬೇರೆ ರೀತಿ.

ಡೈರಿಗೆ? ಗೌರಮ್ಮನ ಡಾಕ್ಯುಮೆಂಟ್ ಒಳಗೇ ಅವರು ಹಾಕಿದ ಹಾಲನ್ನೆಲ್ಲ ತುಂಬುತ್ತಾ ಹೋಗಬಹುದು. ಗೌರಮ್ಮನ ಲೆಕ್ಕ ಕೊಡು ಅಂದರೆ ಪಟ್ ಅಂತ ಬರುತ್ತದೆ. ಇವತ್ತು ಬೆಳಿಗ್ಗೆ ಒಟ್ಟು ಎಷ್ಟು ಲೀಟರ್ ಬಂತು ಅಂದರೆ 120 ಡಾಕ್ಯುಮೆಂಟ್ ಒಳಗೂ ಕೈ ಹಾಕಬೇಕು. ಆಗಲ್ಲ ಅಂತಲ್ಲ, ಆಗುತ್ತದೆ, ಆದರೆ ಹರಿವಿಗೆ ಎದುರಾಗಿ ಈಜಿದಂತೆ. ಡಾಕ್ಯುಮೆಂಟ್‌ಗೆ 16 ಎಂಬಿ ಮಿತಿಯೂ ಇದೆ. ನಿಮ್ಮ ಲೆಕ್ಕದಲ್ಲಿ ಒಂದು ಭಾಗ ಮಾತ್ರ ಹೀಗೆ ಆಕಾರ ಇಲ್ಲದ್ದಾದರೆ ಪೋಸ್ಟ್‌ಗ್ರೆಸ್‌ನಲ್ಲೇ 2014ರಿಂದ ಜೇಸನ್‌ಬಿ ಅನ್ನುವ ಬಗೆಯ ಕಾಲಂ ಇದೆ, ಅದರಲ್ಲಿಟ್ಟರೆ ಸಾಕು. ಕೆಲಸದ ಸಂದರ್ಶನಕ್ಕೆ ಅಂತ ಮಾಂಗೋ ಕಲಿಯುವುದಾದರೆ ಕಲಿಯಿರಿ, ಎಸ್‌ಕ್ಯೂಎಲ್ ಆದ ಮೇಲೆ.

ಒಂದು ಮಾತು ಡೈರಿ ನಡೆಸುವವರಿಗೇ. ತೂಕದ ಯಂತ್ರ, ಫ್ಯಾಟ್ ನೋಡುವ ಯಂತ್ರ, ಕಂಪ್ಯೂಟರ್ ಮೂರೂ ಜೋಡಿಸಿದ ಸ್ವಯಂಚಾಲಿತ ಘಟಕ ನಿಮ್ಮಲ್ಲಿ ಬಂದಿದ್ದರೆ ಅದರೊಳಗೇ ಡೇಟಾಬೇಸ್ ಇರುತ್ತದೆ, ಇನ್ನೊಂದು ಕಟ್ಟಲು ಹೋಗಬೇಡಿ. ಅದರ ಬ್ಯಾಕಪ್ ಎಲ್ಲಿಗೆ ಹೋಗುತ್ತಿದೆ ಅಂತ ಕೇಳಿ. ಕೇಳಿದ ಮೇಲೆ ಬೇರೆ ಕಂಪ್ಯೂಟರ್‌ನಲ್ಲಿ ಒಮ್ಮೆ ಅದನ್ನು ತೆರೆಸಿ ನೋಡಿ.

ಉಳಿದವರು ಇವತ್ತೇ ಶುರು ಮಾಡಬಹುದು. ನಿಮ್ಮ ಎಕ್ಸೆಲ್‌ನಿಂದ ಸದಸ್ಯರ ಪಟ್ಟಿ ಒಂದು, ದಿನದ ಲೆಕ್ಕ ಒಂದು ಅಂತ ಎರಡು ಸಿಎಸ್‌ವಿ ಫೈಲ್ (ಅಲ್ಪವಿರಾಮದಿಂದ ಬೇರೆ ಮಾಡಿದ ಸಾದಾ ಪಠ್ಯ) ತೆಗೆದು ಡಿಬಿ ಬ್ರೌಸರ್‌ನಲ್ಲಿ ಇಂಪೋರ್ಟ್ ಮಾಡಿ. ಆಮೇಲೆ ಒಂದೇ ಪ್ರಶ್ನೆ ಕೇಳಿ: ಸದಸ್ಯರ ಟೇಬಲ್‌ನಲ್ಲಿ ಇಲ್ಲದ ನಂಬರ್ ಹಾಲಿನ ಟೇಬಲ್‌ನಲ್ಲಿ ಎಷ್ಟು ಸಾಲಿನಲ್ಲಿ ಇದೆ? ಸೊನ್ನೆ ಬಂದರೆ ನಿಮ್ಮ ಎಕ್ಸೆಲ್ ಇನ್ನೂ ಸ್ವಲ್ಪ ದಿನ ನಡೆಯುತ್ತದೆ. ಇಪ್ಪತ್ತೋ ಮೂವತ್ತೋ ಬಂದರೆ ಮೊದಲು ಆ ಹಾಲು ಯಾರದು ಅಂತ ಪತ್ತೆ ಮಾಡಿ, ಪೋಸ್ಟ್‌ಗ್ರೆಸ್ಸಾ ಮೈಎಸ್‌ಕ್ಯೂಎಲ್ಲಾ ಅನ್ನುವುದು ಆಮೇಲೆ.